ಫ್ರೆಡ್ಡಿ ಒಬ್ಬನೇ ಹಾಡಿದಾಗ

ಪ್ರಶ್ನೆ: ಕಾಲೇಜು ದಿನಗಳಿಂದ ನನಗೆ ಬ್ರಿಟನ್ನಿನ ರಾಕ್ ಬ್ಯಾಂಡ್ ಕ್ವೀನ್‌ನ ಹುಚ್ಚು. ಆದರೆ ಅದರ ಗಾಯಕ ಫ್ರೆಡ್ಡಿ ಮರ್ಕ್ಯುರಿ 1985ರಲ್ಲಿ ಒಬ್ಬನೇ ಮಾಡಿದ ‘ಮಿಸ್ಟರ್ ಬ್ಯಾಡ್ ಗೈ’ ಆಲ್ಬಮ್ ಕೇಳಿದರೆ ಅರ್ಧ ಖುಷಿ, ಅರ್ಧ ಬೇಜಾರು. ದನಿ ಅವನದೇ, ಆದರೂ ಏನೋ ಕಮ್ಮಿ. ನನ್ನ ಕಿವಿಯದೇ ದೋಷವಾ?

ಉತ್ತರ: ದೋಷವೇನಿಲ್ಲ ಬಿಡಿ. ಕಮ್ಮಿಯಾಗಿರುವುದು ಕ್ವೀನ್‌ನ ಗಿಟಾರ್ ವಾದಕ ಬ್ರಯಾನ್ ಮೇ ನುಡಿಸುವ ಗಿಟಾರ್! ಮ್ಯೂನಿಕ್‌ನಲ್ಲಿ ರೆಕಾರ್ಡ್ ಆದ ಈ ಆಲ್ಬಮ್‌ನಲ್ಲಿ ಸಿಂಥಸೈಜರ್ ಮತ್ತು ಡಿಸ್ಕೋ ತಾಳವೇ ಜಾಸ್ತಿ. ರಾಕ್ ಬೇಕು ಅಂತ ಕೂತವರಿಗೆ ಸಪ್ಪೆ ಅನ್ನಿಸುವುದು ಸಹಜ. ಒಂದು ಕೆಲಸ ಮಾಡಿ. ‘ಐ ವಾಸ್ ಬಾರ್ನ್ ಟು ಲವ್ ಯು’ ಇದರಲ್ಲಿ ಕೇಳಿ, ಆಮೇಲೆ ಅವನು ತೀರಿಕೊಂಡ ಬಳಿಕ ಬ್ಯಾಂಡಿನ ಉಳಿದ ಮೂವರು ಅದೇ ದನಿಗೆ ತಮ್ಮ ವಾದ್ಯ ಸೇರಿಸಿ 1995ರ ‘ಮೇಡ್ ಇನ್ ಹೆವನ್’ ಆಲ್ಬಮ್‌ಗೆ ಹಾಕಿದ್ದನ್ನು ಕೇಳಿ. ನನ್ನ ವೋಟು ಎರಡನೆಯದಕ್ಕೆ. ಹಾಗಂತ ಪೂರ್ತಿ ಪಕ್ಕಕ್ಕಿಡಬೇಡಿ. ‘ಲಿವಿಂಗ್ ಆನ್ ಮೈ ಓನ್’ ಹಾಡಿಗೆ ಬ್ಯಾಂಡ್ ಬೇಕೇ ಇಲ್ಲ, ಅದರ ರೀಮಿಕ್ಸ್ 1993ರಲ್ಲಿ ಬ್ರಿಟನ್ನಿನಲ್ಲಿ ನಂಬರ್ ಒನ್ ಆಯಿತು. ಅಂದಹಾಗೆ, ಈ ಆಲ್ಬಮ್ಮನ್ನು ಪುಣ್ಯಾತ್ಮ ಅರ್ಪಿಸಿದ್ದು ತನ್ನ ಬೆಕ್ಕುಗಳಿಗೆ. ನಮ್ಮಂಥ ಅಭಿಮಾನಿಗಳಿಗಲ್ಲ!