ಕೂಸಿಗೆ ಜೇನು ಬೇಡ, ಅಕ್ಕನಿಗೆ ಆಗಬಹುದು

ಪ್ರಶ್ನೆ: ಆರು ವರ್ಷದ ಮಗಳಿಗೂ ಎಂಟು ತಿಂಗಳ ಮಗನಿಗೂ ನೆಗಡಿ, ಕೆಮ್ಮು. ಇಬ್ಬರಿಗೂ ಜೇನು ನೆಕ್ಕಿಸಿ, ಹಬೆ ಹಿಡಿಸಿ, ಮೂಗಿಗೆ ಕೊಬ್ಬರಿ ಎಣ್ಣೆ ಬಿಡು ಅಂತಾರೆ ನಮ್ಮತ್ತೆ. ಸರಿಯೇ?
– ಓದುಗರು, ದಾವಣಗೆರೆ

ಉತ್ತರ: ಮಗನಿಗೆ ಒಂದು ಹನಿ ಜೇನೂ ಬೇಡ. ಜೇನಿನಲ್ಲಿ ಇರಬಹುದಾದ ಬೊಟುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ವರ್ಷ ತುಂಬದ ಕೂಸಿನ ಕರುಳಿನಲ್ಲಿ ಮೊಳೆತು ವಿಷ ಬಿಡಬಲ್ಲವು. ಸ್ನಾಯುಗಳು ಸೋತು ಉಸಿರಿಗೇ ಕುತ್ತು. ಮನೆಯಲ್ಲಿ ಕಾಯಿಸಿದರೂ ಆ ಬೀಜಾಣುಗಳು ಸಾಯುವುದಿಲ್ಲ. ಮಗಳಿಗೆ ಮಾತ್ರ ಮಲಗುವ ಅರ್ಧ ಗಂಟೆ ಮೊದಲು ಒಂದು ಟೀ ಚಮಚ ಕೊಡಿ. ರಾತ್ರಿಯ ಕೆಮ್ಮು ತಗ್ಗುತ್ತದೆ ಎಂಬುದಕ್ಕೆ ಅಧ್ಯಯನಗಳ ಆಧಾರವಿದೆ.

ಹಬೆಯಿಂದ ನೆಗಡಿ ಬೇಗ ವಾಸಿಯಾಗುತ್ತದೆ ಎನ್ನಲು ಗಟ್ಟಿ ಪುರಾವೆಯಿಲ್ಲ. ಪಾತ್ರೆ ಮಗುಚಿ ಮಕ್ಕಳ ತೊಡೆ, ಹೊಟ್ಟೆ ಬೇಯುವುದಂತೂ ನಿಜ. ದಯವಿಟ್ಟು ಬಿಡಿ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು. ಅದರ ಬದಲು ಔಷಧಿ ಅಂಗಡಿಯಿಂದ ಮೂಗಿಗೆ ಬಿಡುವ ಸಲೈನ್ (ಉಪ್ಪುನೀರಿನ) ಹನಿ ತನ್ನಿ. ಹಾಲೂಡುವ ಹತ್ತು ನಿಮಿಷ ಮೊದಲು ಪ್ರತಿ ಹೊಳ್ಳೆಗೆ ಎರಡು ಹನಿ. ಮೂಗು ಕಟ್ಟಿದ ಕೂಸು ಒಮ್ಮೆಗೆ ಹೆಚ್ಚು ಕುಡಿಯಲಾರದು, ಆದ್ದರಿಂದ ಸ್ವಲ್ಪ ಸ್ವಲ್ಪವೇ ಪದೇ ಪದೇ ಕುಡಿಸಿ.

ಅರಿಶಿನದ ಹಾಲು ಮಗಳ ಗಂಟಲಿಗೆ ಹಿತ, ಅಷ್ಟೇ. ಹಿಂದಿನ ಬಾರಿ ಉಳಿದ ಆಂಟಿಬಯಾಟಿಕ್ ಸಿರಪ್ ಇಬ್ಬರಿಗೂ ಕೊಡಬೇಡಿ. ನೆಗಡಿ ತರುವುದು ವೈರಸ್, ಅದಕ್ಕೆ ಆಂಟಿಬಯಾಟಿಕ್ ತಟ್ಟುವುದೇ ಇಲ್ಲ.

ಮಗ ಅಳದೆ ಇರುವಾಗ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. 50 ಅಥವಾ ಹೆಚ್ಚಿದ್ದರೆ, ಉಸಿರೆಳೆದಾಗ ಪಕ್ಕೆ ಕೆಳಗೆ ಗುಳಿ ಬಿದ್ದರೆ, ಹಾಲು ಬಿಟ್ಟರೆ ಬೆಳಗಾಗಲಿ ಎಂದು ಕಾಯದೆ ಚಿಗಟೇರಿ ಜಿಲ್ಲಾಸ್ಪತ್ರೆಗೋ ಹತ್ತಿರದ ಮಕ್ಕಳ ವೈದ್ಯರಲ್ಲಿಗೋ ಹೋಗಿ.