ರೈಲು ಹಳಿ ಅಗೆಯದೆ ಅದರ ಕೆಳಗೆ ನೀರಿನ ಪೈಪ್ ಹಾಕುವುದು ಹೇಗೆ?

ಹಳಿಯಿಂದ ಸ್ವಲ್ಪ ದೂರದಲ್ಲಿ ಆಚೆಗೊಂದು, ಈಚೆಗೊಂದು ಗುಂಡಿ ತೋಡುತ್ತಾರೆ. ಒಂದರಿಂದ ಪೈಪ್ ತಳ್ಳಿದರೆ ಇನ್ನೊಂದರಲ್ಲಿ ಹೊರಗೆ ಬರುತ್ತದೆ. ಮೇಲೆ ರೈಲು ಓಡುತ್ತಲೇ ಇರುತ್ತದೆ, ಬೇಕಾದರೆ ವೇಗ ಇಳಿಸುತ್ತಾರೆ ಅಷ್ಟೆ. ಇದು ಹೊಸದೇನಲ್ಲ. ಅಮೆರಿಕದ ನಾರ್ದರ್ನ್ ಪೆಸಿಫಿಕ್ ರೈಲ್ವೆ 1890ರ ದಶಕದಲ್ಲೇ ಹೀಗೆ ಪೈಪ್ ತಳ್ಳಿಸಿತ್ತು.

ಹಳಿಯ ಕೆಳಗೆ ಜಾಸ್ತಿ ಬಳಸುವುದು 'ಜ್ಯಾಕ್ ಅಂಡ್ ಬೋರ್'. ಗುಂಡಿಯ ಹಿಂಗೋಡೆಗೆ ಆನಿಸಿದ ಹೈಡ್ರಾಲಿಕ್ ಜ್ಯಾಕ್, ದಪ್ಪ ಸ್ಟೀಲ್ ಕೇಸಿಂಗನ್ನು, ಅಂದರೆ ನೀರಿನ ಪೈಪಿಗೆ ಹೊರಕವಚವಾಗುವ ದೊಡ್ಡ ಕೊಳವೆಯನ್ನು, ಮುಂದಕ್ಕೆ ಒತ್ತುತ್ತದೆ. ಅದರೊಳಗೆ ತಿರುಗುವ ಉದ್ದನೆಯ ಸ್ಕ್ರೂ, ಅಂದರೆ ಆಗರ್, ಮಣ್ಣನ್ನು ಹಿಂದಕ್ಕೆ ಎಳೆದು ಗುಂಡಿಗೆ ಹಾಕುತ್ತದೆ. ಒಂದು ತುಂಡು ಒಳಗೆ ಹೋದ ಮೇಲೆ ಮುಂದಿನದನ್ನು ವೆಲ್ಡ್ ಮಾಡಿ ಮತ್ತೆ ಒತ್ತುವುದು.

ಇಲ್ಲಿ ನಿಜವಾದ ಭಯ ಮಣ್ಣಿನದು. ಸಡಿಲ ಮಣ್ಣಿನಲ್ಲಿ ಆಗರ್ ತಲೆ ಕೇಸಿಂಗಿಗಿಂತ ಮುಂದೆ ಹೋದರೆ ಮಣ್ಣು ಸುಮ್ನೆ ಕುಸಿದು ಒಳಗೆ ಬರುತ್ತದೆ, ಮೇಲೆ ಹಳಿ ತಗ್ಗುತ್ತದೆ. ಅದಕ್ಕೇ ಕೆಲಸ ನಡೆಯುವಾಗ ಹಳಿಯ ಮಟ್ಟವನ್ನು ಪದೇ ಪದೇ ಅಳೆಯಬೇಕು. ಅಂತರ್ಜಲ ಮೇಲಿದ್ದರೆ ಈ ವಿಧಾನ ನನ್ನ ಪ್ರಕಾರ ಬೇಡವೇ ಬೇಡ. ಎದುರಿನ ಮಣ್ಣು, ನೀರಿನ ಒತ್ತಡವನ್ನು ತಡೆದುಕೊಂಡೇ ಕೊರೆಯುವ ಮೈಕ್ರೋಟನೆಲಿಂಗ್ (ಸಣ್ಣ ಸುರಂಗ ಕೊರೆಯುವ) ಯಂತ್ರವೇ ಸರಿ.

ನೀರಿನ ಪೈಪ್ ಕೊನೆಗೆ ಈ ಕೇಸಿಂಗಿನೊಳಗೆ ಜಾರುತ್ತದೆ. ಮುಂದೆ ಅದು ಒಡೆದರೂ ನೀರು ಕೇಸಿಂಗಿನ ತುದಿಗೆ ಹರಿಯುತ್ತದೆ, ಹಳಿಯ ಬುಡವನ್ನು ಕೊರೆಯುವುದಿಲ್ಲ. ಹಳೆ ಪೈಪನ್ನು ಎಳೆದು ಹೊಸದು ಹಾಕಲೂಬಹುದು.