ಎಂಎಲ್‌ಎಸ್ (ಅಮೆರಿಕದ ಅಗ್ರ ಫುಟ್‌ಬಾಲ್ ಲೀಗ್) ತಂಡಗಳನ್ನೇ ಸೋಲಿಸಿದ್ದ ರೋಚೆಸ್ಟರ್ ರೈನೋಸ್ ಕ್ಲಬ್ ಯಾಕೆ ಮುಚ್ಚಿಹೋಯ್ತು?

ಒಂದೇ ಮಾತಲ್ಲಿ ಹೇಳೋದಾದ್ರೆ ದುಡ್ಡು. ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್ ಊರಿನ ಈ ಟೀಮ್ 1996ರಲ್ಲಿ ಶುರುವಾಯ್ತು, ಆಡ್ತಿದ್ದಿದ್ದು ಎಂಎಲ್‌ಎಸ್‌ಗಿಂತ ಕೆಳಗಿನ ಎ-ಲೀಗಲ್ಲಿ, ಗ್ರೌಂಡು ಬೇಸ್‌ಬಾಲ್‌ದು, ಆದ್ರೂ ಮ್ಯಾಚಿಗೆ ಹತ್ತು ಸಾವಿರದ ಮೇಲೆ ಜನ ಬರ್ತಿದ್ರು.

ದೊಡ್ಡ-ಚಿಕ್ಕ ಲೀಗಿನ ಟೀಮುಗಳೆಲ್ಲ ಒಟ್ಟಿಗೆ ಆಡೋ ಯುಎಸ್ ಓಪನ್ ಕಪ್ಪಲ್ಲಂತೂ 1999ರಲ್ಲಿ ಚಿಕಾಗೊ, ಡಲ್ಲಾಸ್, ಕೊಲಂಬಸ್ ಮೂರನ್ನೂ ಮನೆಗೆ ಕಳಿಸಿ ಫೈನಲ್ಲಲ್ಲಿ ಕೊಲರಾಡೊ ರ‍್ಯಾಪಿಡ್ಸನ್ನ 2-0 ಹೊಡೆದ್ರು, ಅಂದ್ರೆ ನಾಲ್ಕೂ ಎಂಎಲ್‌ಎಸ್ ಟೀಮೇ! ಎಂಎಲ್‌ಎಸ್ ಬಂದ್ಮೇಲೆ ಹೊರಗಿನ ಟೀಮೊಂದು ಆ ಕಪ್ ಎತ್ತಿದ್ದು ಅದೇ ಮೊದಲು.

ಎಂಎಲ್‌ಎಸ್‌ಗೆ ಏರೋ ಆಸೆಯಿಂದ 2006ರಲ್ಲಿ ಸ್ವಂತ ಸ್ಟೇಡಿಯಂಗೆ ಹೋದ್ರು, ಅಲ್ಲಿಂದಲೇ ಗ್ರಹಚಾರ ಕೆಟ್ಟಿದ್ದು ಅನ್ಸುತ್ತೆ ನಂಗೆ, ಸಾಲ ತೀರಲಿಲ್ಲ, ಜನ ಕಮ್ಮಿಯಾದ್ರು, ಓನರ್‌ಗಳು ಬದಲಾಗ್ತಾ ಹೋದ್ರು. 2015ರಲ್ಲಿ ಯುಎಸ್‌ಎಲ್ (ಇದೂ ಎಂಎಲ್‌ಎಸ್‌ಗಿಂತ ಕೆಳಗಿನ ಲೀಗೇ) ಗೆದ್ರೂ 2017ರ ಸೀಸನ್ ಆದ್ಮೇಲೆ ಆಟ ನಿಲ್ಲಿಸಿದ್ರು.

2021ರಲ್ಲಿ ಆಗ ಇಂಗ್ಲೆಂಡಿನ ಲೆಸ್ಟರ್ ಸಿಟಿ ಕ್ಲಬ್ಬಿಗೆ ಆಡ್ತಿದ್ದ ಜೇಮೀ ವಾರ್ಡಿ ಪಾಲುದಾರನಾಗಿ ಬಂದ, ಹೆಸರು ರೋಚೆಸ್ಟರ್ ನ್ಯೂಯಾರ್ಕ್ ಎಫ್‌ಸಿ ಅಂತ ಬದಲಾಯ್ತು (ರೈನೋಸ್ ಅನ್ನೋ ಹೆಸರು ಯಾಕೆ ತೆಗೆದ್ರೋ ದೇವರೇ ಬಲ್ಲ), 2022ರಲ್ಲಿ ಎಂಎಲ್‌ಎಸ್ ನೆಕ್ಸ್ಟ್ ಪ್ರೊ ಅನ್ನೋ ಕೆಳಹಂತದ ಲೀಗಲ್ಲಿ ಒಂದೇ ಸೀಸನ್ ಆಡಿ 2023ರ ಮಾರ್ಚಲ್ಲಿ ಬಾಗಿಲು ಹಾಕಿದ್ರು.